ಕೇಕಿಗೆ ಜೇನೋ, ಜೋನಿ ಬೆಲ್ಲವೋ? ಕಪ್ಪಿನ ಲೆಕ್ಕ, ತಕ್ಕಡಿಯ ಲೆಕ್ಕ

240 ಮಿಲಿಲೀಟರಿನ ಒಂದು ಕಪ್ ಜೇನುತುಪ್ಪ ಸುಮಾರು 340 ಗ್ರಾಂ ತೂಗುತ್ತದೆ. ಅಷ್ಟೇ ನೀರಾದರೆ 240 ಗ್ರಾಂ. ದೊಡ್ಡ ಚಮಚಕ್ಕೆ 21 ಗ್ರಾಂ ಜೇನು. ತುಡುವೆ ಎಂಬ ನಾಡ ಜೇನ್ನೊಣದ ಜೇನು ತೆಳುವಾಗಿದ್ದರೆ ತುಸು ಕಡಿಮೆ.

ಜೋನಿ ಬೆಲ್ಲಕ್ಕೆ, ಅಂದರೆ ಸುರಿಯುವಷ್ಟು ತೆಳುವಾದ ಕಬ್ಬಿನ ಬೆಲ್ಲಕ್ಕೆ, ಹೀಗೆ ಒಂದೇ ಲೆಕ್ಕ ಹೇಳಲಾಗದು. ಸಾಗರ, ತೀರ್ಥಹಳ್ಳಿ ಕಡೆಯ ಆಲೆಮನೆಗಳಲ್ಲಿ ಒಬ್ಬರು ಕಬ್ಬಿನ ಹಾಲು ಕುದಿಯುವ ಕೊಪ್ಪರಿಗೆ ಬೇಗ ಇಳಿಸುತ್ತಾರೆ, ಇನ್ನೊಬ್ಬರು ತಡವಾಗಿ. ನೀರಿನಂಶ ಹೆಚ್ಚಿದ್ದಷ್ಟೂ ಕಪ್ ಹಗುರ. ಜೊತೆಗೆ ಡಬ್ಬಿಯ ತಳದಲ್ಲಿ ಹರಳು ಕಟ್ಟಿ, ಮೇಲೆ ತೆಳ್ಳಗಿರುತ್ತದೆ. ತಳದಿಂದ ಕಲಕಿಯೇ ತೆಗೆಯಿರಿ.

ದೋಸೆಗೆ ನಂಚಿಕೊಳ್ಳಲು ನನಗೆ ಜೋನಿಯೇ ಬೇಕು, ಅಲ್ಲಿ ಅಳತೆ ಯಾರು ಕೇಳುತ್ತಾರೆ! ಕೇಕಿಗೆ ಜೋನಿ ಹಾಕುವುದಾದರೆ ತಕ್ಕಡಿ ಇರಲೇಬೇಕು: ಪಾತ್ರೆ ಇಟ್ಟು, ಸೊನ್ನೆ ಮಾಡಿ, ನೇರ ಸುರಿಯಿರಿ. ಕಪ್ಪಿಗೆ ಅಂಟಿ ಉಳಿಯುವ ನಷ್ಟವೂ ಇಲ್ಲ. ತಕ್ಕಡಿ ಇಲ್ಲದವರು ಜೇನನ್ನೇ ಆರಿಸಿ. ಕಪ್ಪಿಗೆ ಮೊದಲು ಎಣ್ಣೆ ಸವರಿಕೊಳ್ಳಿ.