‘ಪ್ರೊಸೆಸರ್ ಸುಟ್ಟಿದೆ’ ಎಂದವರಿಗೆ ಹಣ ಕೊಡುವ ಮುನ್ನ

ಡೆಸ್ಕ್‌ಟಾಪ್ ಕಂಪ್ಯೂಟರ್ ವಿಪರೀತ ಕಾದು ತಾನಾಗಿಯೇ ಆಫ್ ಆಗುತ್ತಿದೆ ಎಂದು ರಿಪೇರಿಗೆ ಕೊಟ್ಟಾಗ ‘ಪ್ರೊಸೆಸರ್ ಹೋಗಿದೆ, ಮದರ್‌ಬೋರ್ಡ್ ಸಮೇತ ಬದಲಾಯಿಸಬೇಕು’ ಎಂಬ ಉತ್ತರ ಬಂದರೆ, ದಯವಿಟ್ಟು ಆ ಮಾತನ್ನು ಪರೀಕ್ಷಿಸದೆ ಒಪ್ಪಿಕೊಳ್ಳಬೇಡಿ. ಬಳ್ಳಾರಿಯಲ್ಲಿ ಸಣ್ಣದೊಂದು ಡಿಟಿಪಿ ಕೇಂದ್ರ ನಡೆಸುವ ನಾನು, 2023ರ ಬೇಸಿಗೆಯಲ್ಲಿ ಇಂಥದೇ ಉತ್ತರ ನಂಬಿ ಸುಮಾರು 18,000 ರೂಪಾಯಿ ತೆತ್ತಿದ್ದಲ್ಲದೆ, ಏನೂ ಆಗದೆ ಚೆನ್ನಾಗಿದ್ದ ಪ್ರೊಸೆಸರ್ ಒಂದನ್ನು ಕಳೆದುಕೊಂಡಿದ್ದೇನೆ. ಕೆಟ್ಟಿದ್ದದ್ದು ಪ್ರೊಸೆಸರನ್ನು ತಣ್ಣಗಿಡುವ ಕೂಲರಿನ ಒಂದು ಪ್ಲಾಸ್ಟಿಕ್ ಕಾಲು ಮಾತ್ರ.

ಯಂತ್ರವು 2021ರಲ್ಲಿ ಅಸೆಂಬಲ್ ಮಾಡಿಸಿದ್ದು. ಇಂಟೆಲ್ ಕೋರ್ ಐ5-10400 ಪ್ರೊಸೆಸರ್, ಅದರ ಡಬ್ಬಿಯಲ್ಲಿಯೇ ಬಂದ ದುಂಡನೆಯ ಕೂಲರ್, ಸಾಧಾರಣ ಬೋರ್ಡ್. ಮದುವೆ ಪತ್ರಿಕೆಗಳ ಕೆಲಸ ಜೋರಾಗಿದ್ದ ಸಮಯದಲ್ಲಿ ತೊಂದರೆ ಕಾಣಿಸಿಕೊಂಡಿತು. ನುಡಿ ತಂತ್ರಾಂಶದಲ್ಲಿ ಅಕ್ಷರ ಜೋಡಿಸುವಾಗ ಏನೂ ಆಗುತ್ತಿರಲಿಲ್ಲ. ವಿನ್ಯಾಸದ ತಂತ್ರಾಂಶವಾದ ಕೋರೆಲ್‌ಡ್ರಾದಲ್ಲಿ ದೊಡ್ಡ ಚಿತ್ರಗಳಿರುವ ಕಡತವನ್ನು ಪಿಡಿಎಫ್ ಮಾಡಲು ಹೊರಟರೆ ಫ್ಯಾನ್ ಒಮ್ಮೆಲೇ ಅಬ್ಬರಿಸಿ, ಮೌಸ್ ತಡವರಿಸಿ, ಪರದೆ ಕಪ್ಪಾಗಿ ಎಲ್ಲವೂ ನಿಂತುಹೋಗುತ್ತಿತ್ತು. ಯುಪಿಎಸ್ ಸರಿಯಾಗಿತ್ತು, ಏಕೆಂದರೆ ಅದಕ್ಕೇ ಜೋಡಿಸಿದ್ದ ಮಾನಿಟರಿನ ದೀಪ ಆರುತ್ತಿರಲಿಲ್ಲ. ಒಂದೈದು ನಿಮಿಷ ಬಿಟ್ಟು ಆನ್ ಮಾಡಿದರೆ ಮತ್ತೆ ಎಂದಿನಂತೆ ಶುರುವಾಗುತ್ತಿತ್ತು.

ನಾನು ಕೊಟ್ಟ ಅಂಗಡಿಯಲ್ಲಿ ಮೊದಲು ಬ್ಲೋಯರ್ ಹಿಡಿದು ಧೂಳು ಹಾರಿಸಿದರು. ನಮ್ಮ ಕಡೆಯ ಕೆಂಪು ಧೂಳಿನ ಪರಿಚಯ ಇರುವವರಿಗೆ ಅದು ಅನಗತ್ಯವೆನಿಸಲಾರದು. ಅಂಗಡಿಯ ಮೇಜಿನ ಮೇಲೆ ಯಂತ್ರ ಬಹಳ ಹೊತ್ತು ಚೆನ್ನಾಗಿಯೇ ಓಡಿತು. ಮನೆಗೆ ತಂದು ನಿಲ್ಲಿಸಿದ ಮೇಲೆ ಮತ್ತದೇ ಕಥೆ. ಆಮೇಲೆ ಯಂತ್ರಕ್ಕೆ ವಿದ್ಯುತ್ ಒದಗಿಸುವ ಎಸ್‌ಎಂಪಿಎಸ್ ಬದಲಾಯಿಸಿದರು. ಅದರಿಂದಲೂ ಪ್ರಯೋಜನವಾಗದಿದ್ದಾಗ, ‘ಸರ್, ಪ್ರೊಸೆಸರ್ ಹೀಟ್ ತಿಂದು ವೀಕ್ ಆಗಿದೆ, ಅದರ ಜೊತೆ ಬೋರ್ಡೂ ಹೋಗಿದೆ, ಎರಡೂ ಹಾಕಿಸಿಬಿಡಿ, ಹಳೆಯದನ್ನು ಎಕ್ಸ್‌ಚೇಂಜ್‌ನಲ್ಲಿ ತಗೋತೀವಿ’ ಎಂದರು. ಪತ್ರಿಕೆ ಮುದ್ರಿಸಿಕೊಳ್ಳಲು ಬಂದವರು ಬಾಗಿಲಲ್ಲಿ ನಿಂತಿರುವಾಗ ಯಾರಾದರೂ ಒಪ್ಪುತ್ತಾರೆ. ಹೊಸ ಬೋರ್ಡು, ಹೊಸ ಪ್ರೊಸೆಸರ್ ಎಂದು ಹೇಳಿ ಹಾಕಿಕೊಟ್ಟರು. ಅದೂ ಮನೆಗೆ ಬಂದ ಮೊದಲ ದಿನವೇ, ಪಿಡಿಎಫ್ ಅರ್ಧವಾಗಿರುವಾಗ, ಹಳೆಯದರ ಹಾಗೆಯೇ ಆಫ್ ಆಯಿತು.

‘ಹೀಟ್ ತಿಂದು ವೀಕ್ ಆಗಿದೆ’ ಎಂಬ ಮಾತಿನಲ್ಲಿ ಎಷ್ಟು ಸತ್ಯವಿರಬಹುದೆಂಬುದನ್ನು ಪ್ರತಿಯೊಬ್ಬ ಕಂಪ್ಯೂಟರ್ ಮಾಲೀಕರೂ ತಿಳಿದಿರುವುದು ಒಳ್ಳೆಯದು. ಈಗಿನ ಪ್ರೊಸೆಸರುಗಳ ಒಳಗೇ ಉಷ್ಣತೆಯನ್ನು ಅಳೆಯುವ ಸಂವೇದಕಗಳಿರುತ್ತವೆ. ಐ5-10400ಕ್ಕೆ ಕಂಪನಿ ನಿಗದಿಪಡಿಸಿರುವ ಗರಿಷ್ಠ ಮಿತಿ 100 ಡಿಗ್ರಿ ಸೆಲ್ಸಿಯಸ್. ಆ ಮಿತಿ ಮುಟ್ಟುತ್ತಿದ್ದಂತೆ ಪ್ರೊಸೆಸರ್ ತನ್ನ ವೇಗವನ್ನು ತಾನೇ ಇಳಿಸಿಕೊಳ್ಳುತ್ತದೆ. ಇಳಿಸಿಕೊಂಡರೂ ಬಿಸಿ ಏರುತ್ತಲೇ ಹೋದರೆ ಕೊನೆಯ ಉಪಾಯವಾಗಿ ವಿದ್ಯುತ್ತನ್ನೇ ಕಡಿದುಹಾಕುವ ಸಂಕೇತವನ್ನು ಬೋರ್ಡಿಗೆ ಕಳಿಸುತ್ತದೆ. ಅಂದರೆ ನನ್ನ ಯಂತ್ರ ಆಫ್ ಆಗುತ್ತಿದ್ದುದು ಪ್ರೊಸೆಸರ್ ಸತ್ತಿದ್ದರಿಂದಲ್ಲ, ಅದು ಸಾಯದಂತೆ ತನ್ನನ್ನು ಕಾಪಾಡಿಕೊಳ್ಳುತ್ತಿದ್ದುದರಿಂದ. ಬೆಳಿಗ್ಗೆ ಆನ್ ಆಗಿ, ವಿಂಡೋಸ್ ತೆರೆದು, ತಾಸುಗಟ್ಟಲೆ ಟೈಪಿಂಗ್ ನಡೆಸಿಕೊಡುವ ಪ್ರೊಸೆಸರನ್ನು ಸುಟ್ಟಿದೆ ಎನ್ನಲು ಬೇರೆ ಬಲವಾದ ಪುರಾವೆ ಬೇಕು, ಮತ್ತು ಆ ಪುರಾವೆಯನ್ನು ಕೇಳುವ ಹಕ್ಕು ಹಣ ಕೊಡುವವರಿಗಿದೆ.

ನಮ್ಮಲ್ಲಿ ಕೆಲಸಕ್ಕೆ ಬರುವ ಡಿಪ್ಲೊಮಾ ಓದುತ್ತಿರುವ ಹುಡುಗನೊಬ್ಬ ಆ ಸಂಜೆ ಕ್ಯಾಬಿನೆಟ್ಟಿನ ಪಕ್ಕದ ತಗಡು ತೆಗೆದು, ಎಚ್‌ಡಬ್ಲ್ಯೂಇನ್‌ಫೋ ಎಂಬ, ಉಷ್ಣತೆ ತೋರಿಸುವ ಉಚಿತ ತಂತ್ರಾಂಶ ಹಾಕಿ, ಪಿಡಿಎಫ್ ಕೆಲಸವನ್ನು ಮತ್ತೊಮ್ಮೆ ಶುರು ಮಾಡಿದ. ಪರದೆಯ ಮೇಲಿನ ಅಂಕಿ ಐವತ್ತರ ಆಸುಪಾಸಿನಿಂದ ನೂರಕ್ಕೆ ಹಾರಿದ್ದು ಕಣ್ಣು ಮಿಟುಕಿಸುವಷ್ಟರಲ್ಲಿ. ಆತ ಫ್ಯಾನಿಗೆ ತಾಗದಂತೆ, ಕೂಲರಿನಲ್ಲಿ ಶಾಖ ಹೀರುವ ಲೋಹದ ಭಾಗವಾದ ಹೀಟ್‌ಸಿಂಕಿನ ಅಂಚಿನ ಅಲ್ಯೂಮಿನಿಯಂ ಎಸಳುಗಳನ್ನು ಮುಟ್ಟಿ, ‘ಸರ್, ಇದು ಬೆಚ್ಚಗೂ ಇಲ್ಲ’ ಎಂದ. ನಾನೂ ಮುಟ್ಟಿ ನೋಡಿದೆ, ಹೌದು. ಆಮೇಲೆ ಅವನು ಕೂಲರಿನ ಮೇಲ್ಭಾಗದ ಒಂದು ಮೂಲೆಯನ್ನು ಹೆಬ್ಬೆರಳಿನಿಂದ ಬೋರ್ಡಿನ ಕಡೆಗೆ ಮೆಲ್ಲಗೆ ಒತ್ತಿ ಹಿಡಿದ. ನೂರರಲ್ಲಿ ನಿಂತಿದ್ದ ಅಂಕಿ ತೊಂಬತ್ತು, ಎಂಬತ್ತೆರಡು, ಎಪ್ಪತ್ತಾರು ಎಂದು ಇಳಿಯತೊಡಗಿತು. ಬೆರಳು ತೆಗೆದ ಕೂಡಲೇ ಮತ್ತೆ ನೂರು.

ಪ್ರೊಸೆಸರಿನಲ್ಲಿ ಹುಟ್ಟುವ ಶಾಖ ಅದರ ಲೋಹದ ಮುಚ್ಚಳದಿಂದ ಶಾಖ ದಾಟಿಸುವ ಥರ್ಮಲ್ ಪೇಸ್ಟಿನ ತೆಳ್ಳನೆಯ ಪದರದ ಮೂಲಕ ಹೀಟ್‌ಸಿಂಕಿಗೆ ಹರಿದು, ಅಲ್ಲಿಂದ ಫ್ಯಾನಿನ ಗಾಳಿಗೆ ಸೇರಬೇಕು. ಸರಪಳಿಯ ಈ ತುದಿಯಲ್ಲಿ ನೂರು ಡಿಗ್ರಿ ಇದ್ದು ಆ ತುದಿಯಲ್ಲಿ ಲೋಹ ತಣ್ಣಗಿದ್ದರೆ, ನಡುವೆ ಸಂಪರ್ಕ ತಪ್ಪಿದೆ ಎಂದೇ ಅರ್ಥ. ಹೀಟ್‌ಸಿಂಕ್ ಕೂಡ ಸುಡುವಷ್ಟು ಬಿಸಿಯಾಗಿದ್ದರೆ ಸಂಪರ್ಕ ಚೆನ್ನಾಗಿದೆ, ಗಾಳಿಯ ಓಡಾಟದಲ್ಲಿ ದೋಷವಿದೆ: ಫ್ಯಾನ್ ನಿಂತಿರಬಹುದು, ಎಸಳುಗಳ ನಡುವೆ ಧೂಳು ಮೆತ್ತಿರಬಹುದು, ಅಥವಾ ಕ್ಯಾಬಿನೆಟ್ಟನ್ನು ಕಂಪ್ಯೂಟರ್ ಟೇಬಲ್ಲಿನ ಮುಚ್ಚಿದ ಗೂಡಿನೊಳಗೆ ತಳ್ಳಿರಬಹುದು. ಬಿಸಿ ಏರುವ ಬಗೆಯಿಂದಲೂ ಇದನ್ನು ಗುರುತಿಸಬಹುದು. ಭಾರಿ ಕೆಲಸ ಕೊಟ್ಟ ಎರಡು ಮೂರು ಸೆಕೆಂಡುಗಳಲ್ಲಿ ಮಿತಿ ಮುಟ್ಟಿದರೆ ಸಂಪರ್ಕದ ಮೇಲೆ, ಹತ್ತಿಪ್ಪತ್ತು ನಿಮಿಷಗಳಲ್ಲಿ ನಿಧಾನವಾಗಿ ಏರಿದರೆ ಗಾಳಿಯ ಮೇಲೆ ಮೊದಲು ಅನುಮಾನ ಪಡಬೇಕು. ಕೋಣೆಯ ಬಿಸಿಯೂ ಲೆಕ್ಕಕ್ಕೆ ಬರುತ್ತದೆ. 25 ಡಿಗ್ರಿಯ ಕೋಣೆಯಲ್ಲಿ 70 ತೋರಿಸುವ ಯಂತ್ರ ನಮ್ಮೂರಿನ 40 ಡಿಗ್ರಿಯ ಮಧ್ಯಾಹ್ನದಲ್ಲಿ 85ರ ಹತ್ತಿರ ತೋರಿಸಿದರೆ ಗಾಬರಿಪಡಬೇಕಾಗಿಲ್ಲ.

ಈ ಕೂಲರುಗಳನ್ನು ಬೋರ್ಡಿಗೆ ಹಿಡಿದಿಡುವುದು ನಾಲ್ಕು ಪ್ಲಾಸ್ಟಿಕ್ ಕಾಲುಗಳು. ಪ್ರತಿ ಕಾಲಿನ ತುದಿ ಸೀಳಿದ್ದು, ಗೋಡೆಯ ತೂತಿಗೆ ಹಾಕುವ ಪ್ಲಾಸ್ಟಿಕ್ ಪ್ಲಗ್ಗಿನಂತೆ, ಮೇಲಿನಿಂದ ಕಪ್ಪು ಕಡ್ಡಿಯನ್ನು ಒತ್ತಿದಾಗ ಬಿಳಿಯ ಸೀಳುಗಳು ಬೋರ್ಡಿನ ಹಿಂಬದಿಯಲ್ಲಿ ಅರಳಿ ಕಚ್ಚಿಕೊಳ್ಳುತ್ತವೆ. ಒಂದಾದ ಮೇಲೆ ಅದರ ಎದುರು ಮೂಲೆಯದನ್ನು ಒತ್ತುತ್ತಾ ಹೋಗಬೇಕು, ಪ್ರತಿ ಸಲವೂ ‘ಟಕ್’ ಎಂಬ ಸದ್ದು ಕೇಳಬೇಕು. ಕಾಲಿನ ತಲೆಯ ಮೇಲಿರುವ ಬಾಣದ ಗುರುತಿನ ದಿಕ್ಕಿಗೆ ತಿರುಗಿಸಿದರೆ ಅದು ಬಿಡುಗಡೆಯಾಗುತ್ತದೆ. ಕೂರಿಸುವಾಗ ಮೊದಲು ಅದನ್ನು ಬಾಣಕ್ಕೆ ವಿರುದ್ಧ ದಿಕ್ಕಿನಲ್ಲಿ ಹಿಂದಿರುಗಿಸಿಟ್ಟಿರಬೇಕು. ಬಲವಂತ ಮಾಡಿದರೆ ಸೀಳು ಮುರಿಯುತ್ತದೆ. ಕ್ಯಾಬಿನೆಟ್ಟಿನ ಇನ್ನೊಂದು ಬದಿಯ ತಗಡು ತೆಗೆದು, ಪ್ರೊಸೆಸರಿನ ಹಿಂಭಾಗಕ್ಕೆ ಸರಿಯಾಗಿ ಕೊರೆದಿರುವ ಕಿಂಡಿಯಿಂದ ಟಾರ್ಚ್ ಬಿಟ್ಟು ನೋಡಿದಾಗ, ಮೂರು ತೂತುಗಳಲ್ಲಿ ಅರಳಿದ ಬಿಳಿ ಸೀಳುಗಳ ನಡುವೆ ಕಪ್ಪು ತುದಿ ಇಣುಕುತ್ತಿತ್ತು. ನಾಲ್ಕನೆಯದರಲ್ಲಿ ಒಂದು ಸೀಳು ಮುರಿದು ಕಾಲು ಅರ್ಧ ಹೊರಬಂದಿತ್ತು.

ಅಂಗಡಿಯ ಮೇಜಿನ ಮೇಲೆ ಯಂತ್ರ ಏಕೆ ಸರಿಯಾಗಿ ಓಡುತ್ತಿತ್ತೆಂಬುದೂ ಆಗಲೇ ಸ್ಪಷ್ಟವಾಯಿತು. ಅಲ್ಲಿ ಕ್ಯಾಬಿನೆಟ್ಟನ್ನು ಮಲಗಿಸಿದ್ದರು, ಕೂಲರ್ ತನ್ನದೇ ಭಾರದಿಂದ ಪ್ರೊಸೆಸರಿನ ಮೇಲೆ ಕೂತಿರುತ್ತಿತ್ತು. ನಿಲ್ಲಿಸಿದಾಗ ಅದೇ ಭಾರ ಅದನ್ನು ಮೇಲಿನ ಮೂಲೆಯಿಂದ ಹೊರಕ್ಕೆ ವಾಲಿಸುತ್ತಿತ್ತು. ನಿಮ್ಮ ಯಂತ್ರವೂ ಮಲಗಿಸಿದಾಗ ತಣ್ಣಗಿದ್ದು ನಿಲ್ಲಿಸಿದಾಗ ಕಾಯುತ್ತಿದ್ದರೆ ಬೇರೇನನ್ನೂ ನೋಡುವ ಮೊದಲು ಈ ಕಾಲುಗಳನ್ನು ನೋಡಿ.

ನನ್ನನ್ನು ಹೆಚ್ಚು ಕೆರಳಿಸಿದ್ದು ಮುರಿದ ಕಾಲಲ್ಲ. ಹೊಸ ಬೋರ್ಡಿನ ಮೇಲೆ ಇದ್ದದ್ದು ನನ್ನದೇ ಹಳೆಯ ಕೂಲರ್. ಐ5-10400ರಂಥ ಮಾದರಿಗಳನ್ನು ಇಂಟೆಲ್ ಡಬ್ಬಿಯಲ್ಲಿ ಮಾರುವಾಗ ಜೊತೆಗೆ ಕೂಲರ್ ಕೊಡುತ್ತದೆ. ಹೊಸ ಪ್ರೊಸೆಸರ್ ಎಂದು ಕೊಟ್ಟದ್ದರ ಜೊತೆ ಹೊಸ ಕೂಲರ್ ಬರಲಿಲ್ಲವೆಂದರೆ ಒಂದೋ ಅದು ಡಬ್ಬಿಯಿಲ್ಲದೆ ಬಿಡಿಯಾಗಿ ಬರುವ ಟ್ರೇ ಪ್ರೊಸೆಸರ್, ಇಲ್ಲವೇ ಯಾರೋ ಬಳಸಿ ಬಿಟ್ಟದ್ದು. ಡಬ್ಬಿಯಲ್ಲಿ ಬಂದದ್ದಕ್ಕೆ ಇಂಟೆಲ್‌ನ ಮೂರು ವರ್ಷಗಳ ವಾರಂಟಿ ಇರುತ್ತದೆ, ಟ್ರೇ ಪ್ರೊಸೆಸರಿಗೆ ಮಾರಿದವರೇ ಹೊಣೆ. ನನ್ನ ಹಳೆಯದು 2021ರದ್ದಾದ್ದರಿಂದ, ಅಂಗಡಿಯವರು ಹೇಳಿದಂತೆ ಅದು ನಿಜವಾಗಿಯೂ ಹೋಗಿದ್ದರೆ ವಾರಂಟಿಯಲ್ಲಿಯೇ ಬದಲಿ ಕೇಳಬಹುದಾಗಿತ್ತು. ‘ಸುಟ್ಟದ್ದಕ್ಕೆ ವಾರಂಟಿ ಬರಲ್ಲ’ ಎಂದು ಅವರು ಮೊದಲೇ ಬಾಯಿ ಮುಚ್ಚಿಸಿದ್ದರು. ಸುಟ್ಟ ಪ್ರೊಸೆಸರಿಗೆ ಎಕ್ಸ್‌ಚೇಂಜ್ ಬೆಲೆ ಹೇಗೆ ಬಂತೆಂದು ಕೇಳಿದಾಗ ಉತ್ತರ ಸಿಗಲಿಲ್ಲ.

ಆದ್ದರಿಂದ ಯಂತ್ರವನ್ನು ಕೊಡುವ ಮೊದಲು, ಪ್ರೊಸೆಸರಿನ ಡಬ್ಬಿ ಇದ್ದರೆ ಅದರ ಮೇಲಿನ ಸ್ಟಿಕ್ಕರಿನ ಚಿತ್ರ ತೆಗೆದಿಟ್ಟುಕೊಳ್ಳಿ. ಅಲ್ಲಿರುವ ಬ್ಯಾಚ್ ಸಂಖ್ಯೆಯೇ ಪ್ರೊಸೆಸರಿನ ಲೋಹದ ಮುಚ್ಚಳದ ಮೇಲೂ ಕೊರೆದಿರುತ್ತದೆ. ಅಂಗಡಿಯ ಚೀಟಿಯಲ್ಲಿ ‘ಸಿಪಿಯು ಒಂದು’ ಎಂದಷ್ಟೇ ಬರೆಯಲು ಬಿಡದೆ ಪ್ರೊಸೆಸರ್, ರ್‍ಯಾಮ್ ಮತ್ತು ಡಿಸ್ಕಿನ ಮಾದರಿಯನ್ನೂ ಬರೆಸಿಕೊಳ್ಳಿ. ತೆಗೆದ ಭಾಗಗಳನ್ನು, ಕೆಟ್ಟಿದ್ದರೂ ಸರಿಯೇ, ಮರಳಿ ಕೇಳಿ. ಎಸ್‌ಎಂಪಿಎಸ್ ಬದಲಾಯಿಸಬೇಕೆಂದರೆ ಆಫ್ ಆಗುವ ಕ್ಷಣದಲ್ಲಿ ಉಷ್ಣತೆ ಎಷ್ಟಿತ್ತೆಂದು ತೋರಿಸಲು ಹೇಳಿ: ಐವತ್ತು ಅರವತ್ತರಲ್ಲಿದ್ದಾಗಲೇ ಆಫ್ ಆದರೆ ಅವರ ಮಾತಿನಲ್ಲಿ ಹುರುಳಿದೆ, ನೂರು ಮುಟ್ಟಿ ಆಫ್ ಆದರೆ ಇಲ್ಲ. ವಿಂಡೋಸಿನ ಈವೆಂಟ್ ವ್ಯೂವರಿನಲ್ಲಿ ಕಾಣುವ ‘ಕರ್ನಲ್-ಪವರ್ 41’ ಎಂಬ ದಾಖಲೆಯನ್ನು ತೋರಿಸಿ ಎಸ್‌ಎಂಪಿಎಸ್ ಮಾರುವವರೂ ಇದ್ದಾರೆ. ಯಂತ್ರ ಸರಿಯಾಗಿ ಶಟ್‌ಡೌನ್ ಆಗದೆ ನಿಂತಿತ್ತು ಎಂಬುದನ್ನಷ್ಟೇ ಅದು ಹೇಳುತ್ತದೆ. ಕರೆಂಟ್ ಹೋದರೂ ಅದೇ ದಾಖಲೆ ಬರುತ್ತದೆ.

ಮನೆಯಲ್ಲಿಯೇ ಕೂಲರ್ ಬಿಚ್ಚಲು ಹೊರಟವರಿಗೆ ಒಂದು ಮಾತು. ಎಎಂಡಿ ಕಂಪನಿಯ ಪ್ರೊಸೆಸರುಗಳಿಗೆ ಬರುವ ಎಎಂ4 ಮಾದರಿಯ ಬೋರ್ಡುಗಳಲ್ಲಿ ಪಿನ್ನುಗಳಿರುವುದು ಪ್ರೊಸೆಸರಿನ ಅಡಿಯಲ್ಲಿ; ಒಣಗಿದ ಪೇಸ್ಟು ಅಂಟಿನಂತೆ ಹಿಡಿದುಕೊಂಡಿರುವಾಗ ಕೂಲರನ್ನು ನೇರ ಮೇಲಕ್ಕೆ ಎಳೆದರೆ ಲಾಕ್ ಹಾಕಿದ್ದರೂ ಪ್ರೊಸೆಸರ್ ಅದರೊಡನೆ ಕಿತ್ತುಬಂದು ಪಿನ್ನುಗಳು ಬಾಗುವುದುಂಟು. ಸ್ವಲ್ಪ ಹೊತ್ತು ಯಂತ್ರ ಓಡಿಸಿ ಪೇಸ್ಟು ಬೆಚ್ಚಗಾದ ಮೇಲೆ ಆಫ್ ಮಾಡಿ, ವೈರು ಕಿತ್ತು, ಕೂಲರನ್ನು ಮೆಲ್ಲಗೆ ಅತ್ತಿತ್ತ ತಿರುಚುತ್ತಾ ಬಿಡಿಸಬೇಕು. ಹಳೆಯ ಪೇಸ್ಟನ್ನು ಐಸೊಪ್ರೊಪೈಲ್ ಆಲ್ಕೋಹಾಲಿನಿಂದ ಪೂರ್ತಿ ಒರೆಸಿ, ಬಟಾಣಿ ಕಾಳಿನಷ್ಟು ಹೊಸದನ್ನು ನಡುವೆ ಇಟ್ಟರೆ ಸಾಕು. ಹಳೆಯ ಇಂಟೆಲ್ ಕೂಲರನ್ನು 12ನೇ ತಲೆಮಾರಿನ ಅಥವಾ ಅದರ ನಂತರದ ಇಂಟೆಲ್ ಪ್ರೊಸೆಸರುಗಳಿಗೆ ಬರುವ ಎಲ್‌ಜಿಎ1700 ಮಾದರಿಯ ಬೋರ್ಡಿಗೆ ಹಾಕಿಸಿಕೊಳ್ಳಬೇಡಿ. ಹಳೆಯದರಲ್ಲಿ ಕಾಲುಗಳ ಅಂತರ 75 ಮಿಲಿಮೀಟರ್, ಹೊಸ ಬೋರ್ಡಿನಲ್ಲಿ 78.

ನಾನು ಸಾವಿರ ರೂಪಾಯಿಯೊಳಗೆ ಸಿಕ್ಕ ಬೇರೆ ಕೂಲರನ್ನು, ಹಿಂಬದಿಗೆ ಪಟ್ಟಿ ಕೊಟ್ಟು ಸ್ಕ್ರೂನಿಂದ ಬಿಗಿಯುವಂಥದ್ದನ್ನು ಹಾಕಿಸಿದೆ. ಅಂದಿನಿಂದ ಎಷ್ಟೇ ದೊಡ್ಡ ಕಡತವಿದ್ದರೂ ಎಂಬತ್ತು ದಾಟಿಲ್ಲ. ಅಂಗಡಿಯವರು ಮಾದರಿಯ ಹೆಸರಿಲ್ಲದ ಕೈಬರಹದ ಚೀಟಿಯನ್ನು ಬಿಟ್ಟು ಬೇರೆ ಬಿಲ್ ಕೊಟ್ಟಿರಲಿಲ್ಲ. 2019ರ ಗ್ರಾಹಕ ಸಂರಕ್ಷಣಾ ಕಾಯ್ದೆಯ ಪ್ರಕಾರ ಬಿಲ್ ಕೊಡದಿರುವುದೇ ಅನುಚಿತ ವ್ಯಾಪಾರ ಪದ್ಧತಿ ಎಂದು ತಿಳಿಸಿ, ರಾಷ್ಟ್ರೀಯ ಗ್ರಾಹಕ ಸಹಾಯವಾಣಿ 1915ಕ್ಕೆ ದೂರು ಕೊಡುವುದಾಗಿ ಹೇಳಿದ ಮೇಲೆ ಎಸ್‌ಎಂಪಿಎಸ್‌ನ ಹಣವನ್ನು ಹಿಂದಿರುಗಿಸಿದರು. ಹಳೆಯ ಪ್ರೊಸೆಸರ್ ಆಗಲೇ ಬೇರೆಯವರಿಗೆ ಹೋಗಿದೆ ಎಂದರು. ‘ಸುಟ್ಟದ್ದನ್ನು ಯಾರು ಕೊಂಡರು?’ ಎಂದು ಕೇಳಿದ್ದಕ್ಕೆ, ಮಾಲೀಕರು ಊಟಕ್ಕೆ ಹೋಗಿದ್ದಾರೆ, ಆಮೇಲೆ ಬನ್ನಿ ಎಂದರು.