ಡ್ವೆಲ್ ಪತ್ರಿಕೆ: ಬೆರಳಿಟ್ಟು ಓಡಾಡಿದ ಮನೆಗಳು

ನಾನು ಆರ್ಕಿಟೆಕ್ಟ್ ಅಲ್ಲ. ಹಾಸನದಿಂದ ಬಂದು ಕ್ಯಾಲಿಫೋರ್ನಿಯಾದ ಫ್ರೀಮಾಂಟ್‌ನಲ್ಲಿ ಸಂಸಾರ ಮಾಡಿಕೊಂಡಿರುವವಳು. ಇಲ್ಲಿನ ಲೈಬ್ರರಿಯಲ್ಲಿ ಹಳೆಯ ಪುಸ್ತಕ ಮಾರುವಾಗ ಮನೆ ವಿನ್ಯಾಸದ ಇಂಗ್ಲಿಷ್ ಪತ್ರಿಕೆ ಡ್ವೆಲ್‌ನ ಒಂದು ಕಟ್ಟು ಸಿಕ್ಕಿತು. ಆರು ವರ್ಷವಾಯಿತು. ರಾತ್ರಿ ಪಾತ್ರೆ ತೊಳೆದಿಟ್ಟ ಮೇಲೆ ಈಗಲೂ ಒಂದನ್ನು ತೆಗೆದುಕೊಂಡು ಕೂರುತ್ತೇನೆ.

ಇದು ಶುರುವಾಗಿದ್ದು 2000ದಲ್ಲಿ, ಪಕ್ಕದ ಸ್ಯಾನ್ ಫ್ರಾನ್ಸಿಸ್ಕೋದಲ್ಲಿ. ಆಗಿನ ಸಂಪಾದಕಿ ಕ್ಯಾರಿ ಜೇಕಬ್ಸ್ ಮೊದಲ ಸಂಚಿಕೆಯಲ್ಲೇ ಹಣ್ಣಿನ ಬಟ್ಟಲಿನ ಬಗ್ಗೆ ಬರೆದಿದ್ದರು. ಮನೆ ಪತ್ರಿಕೆಗಳ ಫೋಟೋದಲ್ಲಿ ಮನೆಯವರೇ ಇರುವುದಿಲ್ಲ, ಜೋಡಿಸಿಟ್ಟ ಹಣ್ಣು ಮಾತ್ರ ಇರುತ್ತದೆ, ಅಲ್ವಾ? ಡ್ವೆಲ್‌ನಲ್ಲಿ ಜನ ಇರುತ್ತಾರೆ. ಸೋಫಾ ಮೇಲೆ ಮಕ್ಕಳು, ಒಲೆ ಮುಂದೆ ಅಪ್ಪ. ದುಡ್ಡಿನ ಮಾತೂ ಬರುತ್ತದೆ. 2003ರಲ್ಲಿ ಆರ್ಕಿಟೆಕ್ಟ್‌ಗಳ 16 ತಂಡಗಳನ್ನು ಕರೆದು, 2 ಲಕ್ಷ ಡಾಲರ್‌ನಲ್ಲಿ ಕಾರ್ಖಾನೆಯಲ್ಲಿ ತಯಾರಾಗುವ ಮನೆ ವಿನ್ಯಾಸ ಮಾಡಿ ಎಂದು ಸ್ಪರ್ಧೆ ಇಟ್ಟಿದ್ದರು. ಗೆದ್ದ ಮನೆ ಮರುವರ್ಷ ನಾರ್ತ್ ಕ್ಯಾರೊಲೈನಾದಲ್ಲಿ ಎದ್ದು ನಿಂತಿತು.

ನನಗೆ ಎಲ್ಲಕ್ಕಿಂತ ಇಷ್ಟ ಪ್ಲ್ಯಾನು. ಯಾವ ಕೋಣೆ ಯಾವುದು ಅಂತ ಗುರುತು ಹಾಕಿರುತ್ತಾರೆ. ಮುಂಬಾಗಿಲಿನ ಮೇಲೆ ಬೆರಳಿಟ್ಟು ಒಳಗೆ ನಡೆಯುತ್ತೇನೆ. ಚಪ್ಪಲಿ ಎಲ್ಲಿ ಬಿಡುತ್ತಾರೆ, ನೀರು ಕುಡಿಯಲು ಎಷ್ಟು ದೂರ ಹೋಗಬೇಕು, ಎಲ್ಲ ತಿಳಿಯುತ್ತದೆ.

ಅಪ್ಪ ಹಾಸನದಲ್ಲಿ ಮನೆ ಕಟ್ಟಿಸುವಾಗ ಪ್ಲ್ಯಾನು ವಾಟ್ಸಾಪ್‌ನಲ್ಲಿ ಬಂತು. ಅದರ ಮೇಲೂ ಬೆರಳಿಟ್ಟೆ. ಹಿತ್ತಿಲ ಬಾಗಿಲು ಮಲಗುವ ಕೋಣೆಯಲ್ಲಿತ್ತು! ಅಡುಗೆಮನೆಯಿಂದ ಒಗೆಯುವ ಕಲ್ಲಿಗೆ ಹೋಗಲು ಅಮ್ಮ ಹಾಲ್ ದಾಟಿ, ಕೋಣೆ ದಾಟಿ ಹೋಗಬೇಕು. ಅವರಿಗೆ ಮಂಡಿನೋವು ಬೇರೆ. ಆಗಲೇ ಫೋನ್ ಮಾಡಿದೆ. ಗೋಡೆ ಏಳುವ ಮೊದಲೇ ಬಾಗಿಲು ಅಡುಗೆಮನೆಗೆ ಬಂತು. ಈಗ ಸಿಂಕಿನಿಂದ ಕಲ್ಲಿಗೆ ಆರು ಹೆಜ್ಜೆ.

ಪತ್ರಿಕೆಯಲ್ಲಿ ಬರುವ ಕುರ್ಚಿ, ದೀಪಗಳ ಬೆಲೆ ಮಾತ್ರ ನಮ್ಮ ಕೈಗೆ ಎಟುಕುವಂಥದ್ದಲ್ಲ. ಆ ಪುಟಗಳನ್ನು ಸುಮ್ನೆ ತಿರುವಿ ಹಾಕುತ್ತೇನೆ. ಹೊಸ ಸಂಚಿಕೆಗೇ ಕಾಯಬೇಕಿಲ್ಲ, ಹಳೆಯದು ಸಿಕ್ಕರೂ ಬಿಡಬೇಡಿ. ಪ್ಲ್ಯಾನು ಹಳತಾಗುವುದಿಲ್ಲ.

ಕಳೆದ ಸಲ ಊರಿಗೆ ನಾಲ್ಕು ಸಂಚಿಕೆ ಒಯ್ದಿದ್ದೆ. ಅಮ್ಮನಿಗೆ ಇಂಗ್ಲಿಷ್ ಬರುವುದಿಲ್ಲ. ಕನ್ನಡಕ ಹಾಕಿಕೊಂಡು ಪ್ಲ್ಯಾನಿನ ಪುಟ ಬಿಡಿಸಿ, ಬೆರಳಿಟ್ಟು ಕೇಳಿದರು: “ಇವರ ಅಡುಗೆಮನೆಗೆ ಬೆಳಕು ಎಲ್ಲಿಂದ ಬರುತ್ತೆ?”