ಎರಡು ವರ್ಷದ ಮಗುವಿಗೂ ಬೇಬಿ ಕ್ಯಾರಿಯರ್ ಬೇಕಾ?

ನಡೆಯುವ ಮಗುವನ್ನು ಯಾಕೆ ಎದೆಗೆ ಕಟ್ಟಿಕೊಳ್ತೀರಿ ಅಂತ ಎಲ್ಲರೂ ಕೇಳುತ್ತಾರೆ. ನಮ್ಮ ಮಗಳನ್ನು ದತ್ತು ಪಡೆದು ವಿದೇಶಕ್ಕೆ ಕರೆತಂದೆವು. ಅವಳಿಗೆ ಮನೆ, ಭಾಷೆ, ವಾಸನೆ ಎಲ್ಲವೂ ಹೊಸದು. ಶುರುವಿನ ತಿಂಗಳುಗಳಲ್ಲಿ ಉಣಿಸುವುದು, ಎತ್ತಿಕೊಳ್ಳುವುದು, ಸಮಾಧಾನ ಮಾಡುವುದು ಆದಷ್ಟೂ ಅಪ್ಪ ಅಮ್ಮನೇ ಮಾಡಿ ಅಂತ ದತ್ತು ಸಲಹೆಗಾರರು ಹೇಳಿದ್ದರು. ಮಗುವಿಗೆ ತನ್ನವರು ಯಾರು ಅಂತ ತಿಳಿಯುವುದು ಹಾಗೇ ಅಲ್ವಾ?

ನಮ್ಮ ಸ್ಟ್ರಾಲರ್‌ನಲ್ಲಿ ಅವಳ ಮುಖ ಜನರ ಕಡೆಗೆ, ಈ ಕ್ಯಾರಿಯರ್‌ನಲ್ಲಿ ನನ್ನ ಕಡೆಗೆ. ಅಂಗಡಿಯಲ್ಲಿ ಯಾರಾದರೂ ಕೆನ್ನೆ ಮುಟ್ಟಲು ಬಂದರೆ ತಕ್ಷಣ ನನ್ನ ಅಂಗಿಯಲ್ಲಿ ಮುಖ ಹುದುಗಿಸುತ್ತಾಳೆ. ಜೆಟ್ ಲ್ಯಾಗ್‌ನಿಂದ ನಡುರಾತ್ರಿ ಆಟಕ್ಕೆ ನಿಂತವಳು ಮಲಗಿದ್ದೂ ಇದರಲ್ಲೇ, ನಾನು ಹಾಲ್‌ನಲ್ಲಿ ಸುಮ್ನೆ ಓಡಾಡುತ್ತಿದ್ದಾಗ.

ಕೊಳ್ಳುವಾಗ ದೊಡ್ಡ ಮಕ್ಕಳ ಸೈಜೇ ತಗೊಳ್ಳಿ. ಸೀಟು ಮಗುವಿನ ಒಂದು ಮೊಣಕಾಲಿನಿಂದ ಇನ್ನೊಂದರವರೆಗೆ ಅಗಲ ಇರಬೇಕು, ಮೊಣಕಾಲು ಸೊಂಟಕ್ಕಿಂತ ತುಸು ಮೇಲಿರಬೇಕು. ಭಾರ ನಿಮ್ಮ ಸೊಂಟದ ಬೆಲ್ಟ್ ಮೇಲೆ ಬೀಳಬೇಕು, ಹೆಗಲ ಮೇಲಲ್ಲ.

ಬೇಜಾರು ಅಂದರೆ ಬೆನ್ನ ಹಿಂದಿನ ಬಕಲ್. ಒಬ್ಬರೇ ಹಾಕಿಕೊಳ್ಳುವುದು ಸರ್ಕಸ್. ಸೆಕೆ ಬೇರೆ ಜಾಸ್ತಿ, ಇಬ್ಬರೂ ಬೆವರಿ ಒದ್ದೆ. ನಿಮಗೆ ಸ್ವಲ್ಪ ಬೆನ್ನುನೋವಿದ್ದರೂ ಯೋಚಿಸಿ. ಸೆಕೆಂಡ್ ಹ್ಯಾಂಡ್ ಆದರೂ ಸರಿ, ಹೊಲಿಗೆ ಮತ್ತು ಬಕಲ್ ಎಳೆದು ನೋಡಿಯೇ ತಗೊಳ್ಳಿ.